ದೂಳಿನ ಒಡೆಯರು

ಆಷಾಢದ ಗಾಳಿ ಎದ್ದಿತೆಂದರೆ ನಮ್ಮ ದೊಡ್ಡಮ್ಮ ಮೊದಲು ನೀರಿನ ಬಿಂದಿಗೆಗಳ ಬಾಯಿಗೆ ಬಟ್ಟೆ ಕಟ್ಟುತ್ತಿದ್ದಳು. ಆಮೇಲೆ ಹಿತ್ತಲ ಬಾಗಿಲಿನ ಸಂದಿಗೆ ಹಳೆ ಸೀರೆಯ ತುಂಡು ತುರುಕಿ, ದೇವರ ಪಟಗಳಿಗೆ ಟವೆಲ್ಲು ಹೊದಿಸಿ, ಕೊನೆಗೆ ನಮ್ಮನ್ನು ಒಳಗೆ ಕರೆಯುತ್ತಿದ್ದಳು. ಇಷ್ಟೆಲ್ಲ ಮಾಡಿದರೂ ದೂಳು ಬರುತ್ತಿತ್ತು. ತಗಡಿನ ಸೂರಿನ ಸಂದಿಯಿಂದ ಜರಡಿ ಹಿಡಿದ ಹಾಗೆ ಇಳಿಯುತ್ತಿತ್ತು. ಬಣ್ಣ ಬೂದಿಯದೂ ಅಲ್ಲ, ಸುಣ್ಣದ್ದೂ ಅಲ್ಲ. ಬೆರಳಲ್ಲಿ ಉಜ್ಜಿದರೆ ಮೈದಾದಷ್ಟು ನಯ. ನಾಲಿಗೆಗೆ ತಗುಲಿದಾಗಲೇ ಅದು ಕಲ್ಲು ಎಂದು ಗೊತ್ತಾಗುವುದು. ಮುದ್ದೆ ಉಂಡ ದಿನ ಅದರ ಸುಳಿವು ಸಿಗುತ್ತಿರಲಿಲ್ಲ, ಮುದ್ದೆಯನ್ನು ಅಗಿಯದೆ ನುಂಗುತ್ತೇವಲ್ಲ. ಅನ್ನ ಮಾಡಿದ ದಿನ ಹಲ್ಲಿನ ನಡುವೆ ಕರಕರ ಅನ್ನುತ್ತಿತ್ತು.

"ಬಾಗ್ಲು ಹಾಕ್ದೋರ ಮನೆಗೂ ಬರ್ತದೆ, ತೆಗ್ದೋರ ಮನೆಗೂ ಬರ್ತದೆ. ಉಣ್ಣಪ್ಪಾ ಸುಮ್ನೆ" ಅನ್ನುತ್ತಿದ್ದಳು.

ಮನೆ ಇದ್ದದ್ದು ಕೋಲಾರದ ಚಿನ್ನದ ಗಣಿಯ ಊರಲ್ಲಿ, ನಂದಿದುರ್ಗದ ಕಡೆಯ ಒಂದು ಲೈನಿನಲ್ಲಿ. ಕಾರ್ಮಿಕರ ಸಾಲುಮನೆಗಳಿಗೆ ಅಲ್ಲಿ ಲೈನು ಎಂದೇ ಹೆಸರು. ದೊಡ್ಡಪ್ಪ ಒಂದು ಗಣಿಯ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ನಾವು ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲು ಹತ್ತಿ ಊರ್ಗಾಂನಲ್ಲಿ ಇಳಿದು ನಡೆಯುತ್ತಿದ್ದೆವು. ಇಳಿಯುವ ಮೊದಲೇ ಕಿಟಕಿಯಲ್ಲಿ ದಿಬ್ಬಗಳು ಕಾಣುತ್ತಿದ್ದವು. ನಾವು ಸೈನೈಡ್ ದಿಬ್ಬ ಅಂದರೆ ಪಕ್ಕದ ಮನೆಯ ತಮಿಳಿನವರು ಸೈನೈಡ್ ಮೇಡು ಅನ್ನುತ್ತಿದ್ದರು. ಬೆಟ್ಟ ಅನ್ನೋಣವೆಂದರೆ ಒಂದು ಬಂಡೆಯಿಲ್ಲ, ಮರಳುಗಾಡು ಅನ್ನೋಣವೆಂದರೆ ಆಚೆ ಬದಿಗೇ ರಾಗಿ ಹೊಲ. ನೆತ್ತಿ ಸಮತಟ್ಟು, ಮಗ್ಗುಲ ತುಂಬ ಮಳೆ ಕೊರೆದ ಸೀಳುಗಳು.

ನಂದಿದುರ್ಗ ಎಂಬ ಹೆಸರು ನಂದಿಬೆಟ್ಟದ್ದು. ಬ್ರಿಟಿಷ್ ಕಂಪನಿಯವರು ಅದನ್ನು ತಂದು ಗಣಿಗೆ ಇಟ್ಟರು, ತಮ್ಮ ಬಾಯಿಗೆ ಬಂದ ಹಾಗೆ ನಂಡಿಡ್ರೂಗ್ ಎಂದು ಬರೆದರು. ಬೆಟ್ಟ ಎಲ್ಲೋ ಚಿಕ್ಕಬಳ್ಳಾಪುರದ ಕಡೆ, ಗಣಿ ಇಲ್ಲಿ. ಆದರೂ ಆ ನಂಟು ಬರೀ ಹೆಸರಿನದಲ್ಲ. ನಂದಿಯ ಸೀಮೆಯಲ್ಲಿ ಹುಟ್ಟುವ ಪಾಲಾರ್ ಬೇತಮಂಗಲದ ಕೆರೆಗೆ ಬರುತ್ತದೆ, ಆ ಕೆರೆಯೇ ಗಣಿ ಊರಿಗೆ ಕುಡಿಯುವ ನೀರು ಕೊಟ್ಟದ್ದು. ದೊಡ್ಡಮ್ಮ ಬಟ್ಟೆ ಕಟ್ಟಿ ಕಾಯುತ್ತಿದ್ದ ಬಿಂದಿಗೆಯೊಳಗೆ ನಂದಿಯ ನೀರು, ಬಟ್ಟೆಯ ಮೇಲೆ ನಂದಿದುರ್ಗದ ದೂಳು. ಇದು ನನಗೆ ಹೊಳೆದದ್ದು ಅವಳು ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ.

ಇದೆಲ್ಲ ಈಗ ಯಾಕೆ ನೆನಪಾಯಿತೆಂದರೆ, ಮೊನ್ನೆ ಒಂದು ರಾತ್ರಿ ಮಂಗಳ ಗ್ರಹದ ಚಿತ್ರಗಳನ್ನು ನೋಡುತ್ತ ಕೂತಿದ್ದೆ. ಅಲ್ಲಿನ ಉತ್ತರ ಧ್ರುವದ ಮಂಜಿನ ಗಡ್ಡೆ ಸುಮಾರು 1000 ಕಿ.ಮೀ. ಅಗಲ, 2 ಕಿ.ಮೀ.ಗೂ ಮಿಕ್ಕಿ ದಪ್ಪ. ಅದರ ಪಕ್ಕದಲ್ಲಿ ಒಲಿಂಪಿಯಾ ಉಂಡೆ ಎಂದು ಹೆಸರಿಟ್ಟಿರುವ ಮರಳ ಅಲೆಗಳ ಸೀಮೆ. ಮರಳು ಕಪ್ಪು, ಜ್ವಾಲಾಮುಖಿಯ ಕಲ್ಲು ಸವೆದು ಆದದ್ದು. ಅದರಲ್ಲಿ ಜಿಪ್ಸಮ್ ಬೆರೆತಿದೆ ಎಂದು 2005ರಲ್ಲಿ ಯುರೋಪಿನ ಮಾರ್ಸ್ ಎಕ್ಸ್‌ಪ್ರೆಸ್ ನೌಕೆ ಕಂಡುಕೊಂಡಿತು. ಚಳಿಗಾಲದಲ್ಲಿ ಅಲ್ಲಿ ಗಾಳಿಯೇ ಹೆಪ್ಪುಗಟ್ಟುತ್ತದೆ. ಮಂಗಳದ ಗಾಳಿ ಬಹುಪಾಲು ಇಂಗಾಲದ ಡೈಆಕ್ಸೈಡ್, ಶೂನ್ಯಕ್ಕಿಂತ 125 ಡಿಗ್ರಿ ಕೆಳಗೆ ಹೋದರೆ ಅದು ಇಬ್ಬನಿಯಂತೆ ನೆಲಕ್ಕೆ ಕೂರುತ್ತದೆ. ಮರಳ ಅಲೆಗಳೆಲ್ಲ ಬೆಳ್ಳಗಾಗುತ್ತವೆ. ಬಿಸಿಲು ಮರಳಿದಾಗ ಆ ಹೆಪ್ಪು ಕರಗಿ ನೀರಾಗುವುದಿಲ್ಲ, ಕರ್ಪೂರದ ಹಾಗೆ ನೇರ ಆವಿಯಾಗುತ್ತದೆ. ಮೊದಲು ಬಿರುಕು ಬಿಡುತ್ತದೆ. ಬಿರುಕಿನಿಂದ ಕಪ್ಪು ಮರಳು ಜಾರಿ, ಬಿಳಿಯ ಮೇಲೆ ಗೀರು ಗೀರಾಗಿ ಇಳಿಯುತ್ತದೆ.

ಆ ಗೀರುಗಳನ್ನು ನೋಡಿದ ಕೂಡಲೇ ನನಗೆ ಕಂಡದ್ದು ದೊಡ್ಡಮ್ಮನ ಹಿತ್ತಲಿನ ದಿಬ್ಬ. ಬಣ್ಣ ಅದಲುಬದಲು ಅಷ್ಟೇ. ಅಲ್ಲಿ ಬಿಳಿಯ ಮೇಲೆ ಕಪ್ಪು, ಇಲ್ಲಿ ಹುಲ್ಲಿನ ಮೇಲೆ ಬಿಳಿಚು.

ನಮ್ಮ ದಿಬ್ಬ ಹುಟ್ಟಿದ ಬಗೆ ಹೇಳಬೇಕು. ಇಲ್ಲಿನ ಚಿನ್ನ ಗಟ್ಟಿಗಟ್ಟಿಯಾಗಿ ಸಿಗುವುದಲ್ಲ, ಬೆಣಚುಕಲ್ಲಿನ ಎಳೆಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣಗೆ ಸೇರಿಕೊಂಡಿರುವುದು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂದ ಮೇಲೆ ಗಣಿಗಾರಿಕೆ ನಿಜವಾಗಿ ಕುದುರಿತು. ಕಲ್ಲನ್ನು ಮೇಲಕ್ಕೆ ತಂದು ಮಿಲ್ಲಿನಲ್ಲಿ ಕುಟ್ಟಿ ಹಿಟ್ಟು ಮಾಡುತ್ತಿದ್ದರು. ಪಾದರಸಕ್ಕೆ ಹಿಡಿದಷ್ಟು ಚಿನ್ನ ಹಿಡಿದ ಮೇಲೆ, ಉಳಿದ ಹಿಟ್ಟನ್ನು ಸೈನೈಡ್ ನೀರಿನಲ್ಲಿ ನೆನೆಸಿ ಇನ್ನಷ್ಟು ಬಸಿಯುತ್ತಿದ್ದರು. ಸೈನೈಡಿನಿಂದ ಚಿನ್ನ ಬಿಡಿಸುವ ಈ ವಿದ್ಯೆ ಸ್ಕಾಟ್ಲೆಂಡಿನಲ್ಲಿ 1887ರಲ್ಲಿ ಹುಟ್ಟಿತು, ತಡಮಾಡದೆ ಇಲ್ಲಿಗೂ ಬಂತು. ಕೊನೆಗೆ ಉಳಿದ ಕೆಸರನ್ನು ಬಯಲಿಗೆ ಬಿಟ್ಟರು. ಒಣಗಿತು, ಅದರ ಮೇಲೆ ಇನ್ನೊಂದು ಪದರ ಬಿತ್ತು. 120 ವರ್ಷಗಳಲ್ಲಿ ತೆಗೆದ ಚಿನ್ನ ಸುಮಾರು 800 ಟನ್. ಹಿಂದೆ ಬಿಟ್ಟದ್ದು 13 ದಿಬ್ಬ, ಸುಮಾರು 3.3 ಕೋಟಿ ಟನ್ ಹಿಟ್ಟು. ಒಂದು ಮಾಂಗಲ್ಯದ ಬಂಗಾರಕ್ಕೆ ಎಷ್ಟು ಗಾಡಿ ಕಲ್ಲು ಬೀಸಿದರು ಎಂದು ಲೆಕ್ಕ ಹಾಕಲು ಕೂತಿದ್ದೇನೆ ಒಂದೊಂದು ಸಲ, ಪೂರ್ತಿ ಮಾಡುವ ಮನಸ್ಸಾಗಿಲ್ಲ.

ಗಾಳಿ ಈ ಹಿಟ್ಟನ್ನು ಎತ್ತುವ ಬಗೆಯೂ ಮಂಗಳದಲ್ಲಿ ಎತ್ತುವ ಬಗೆಯೂ ಒಂದೇ. ತೀರ ನುಣ್ಣನೆಯ ಕಣಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಬರೀ ಗಾಳಿಗೆ ಸುಲಭವಾಗಿ ಏಳುವುದಿಲ್ಲ. ಸ್ವಲ್ಪ ದಪ್ಪ ಕಣವೊಂದು ಗಾಳಿಯ ನೂಕಿಗೆ ಕಪ್ಪೆಯ ಹಾಗೆ ಕುಪ್ಪಳಿಸುತ್ತದೆ. ಅದು ಬಿದ್ದ ಕಡೆ ನಾಲ್ಕು ನುಣ್ಣನೆಯ ಕಣಗಳು ಸಿಡಿದೇಳುತ್ತವೆ. ದಪ್ಪ ಕಣ ಮತ್ತೆ ಕೆಳಗೆ ಬೀಳುತ್ತದೆ, ನುಣ್ಣನೆಯದು ಗಾಳಿ ಸೇರಿ ಹೋಗಿಬಿಡುತ್ತದೆ. ದಿಬ್ಬದ ಮೇಲೆ ನಿಂತವರಿಗೆ ಇದು ಬರಿಗಣ್ಣಿಗೇ ಕಾಣುತ್ತದೆ. ಹಿಮ್ಮಡಿಯ ಎತ್ತರದಲ್ಲಿ ಮರಳು ಹಾವಿನ ಹಾಗೆ ಹರಿಯುತ್ತಿರುತ್ತದೆ, ಅದರ ಮೇಲೆ ಎದೆಯುದ್ದಕ್ಕೂ ಮಬ್ಬು. ಲಿಬಿಯಾದ ಮರಳುಗಾಡಿನಲ್ಲಿ ಅಲೆದ ರಾಲ್ಫ್ ಬ್ಯಾಗ್ನಾಲ್ಡ್ ಎಂಬ ಬ್ರಿಟಿಷ್ ಸೈನ್ಯದ ಎಂಜಿನಿಯರ್ ಈ ಕುಪ್ಪಳಿಕೆಯ ನಿಯಮಗಳನ್ನು 1941ರಲ್ಲಿ ಪುಸ್ತಕ ಮಾಡಿದ. 2015ರ ಕೊನೆಗೆ ಕ್ಯೂರಿಯಾಸಿಟಿ ಎಂಬ ಗಾಡಿ ಮಂಗಳದ ಮೇಲೆ ಹತ್ತಿರದಿಂದ ನೋಡಿದ ಮರಳ ಅಲೆಗಳಿಗೆ ಅವನದೇ ಹೆಸರು. ಅಲ್ಲಿ ಗಾಳಿಯ ಒತ್ತಡ ನಮ್ಮದರ ನೂರರಲ್ಲಿ ಒಂದು ಪಾಲಿಗೂ ಕಡಿಮೆ. ಅಷ್ಟು ತೆಳು ಗಾಳಿಗೂ ಮರಳು ಜಾಗ ಬಿಟ್ಟು ಸರಿಯುತ್ತದೆ.

ಮಂಗಳದ ದೂಳನ್ನು ನಾವೂ ನೋಡಿದ್ದೇವೆ. 2014ರ ಸೆಪ್ಟೆಂಬರ್ 24ರ ಬೆಳಗ್ಗೆ ಮಂಗಳಯಾನ ಕಕ್ಷೆ ಸೇರಿತು. ಕೆಲವೇ ದಿನಗಳಲ್ಲಿ ಅದು ಕಳಿಸಿದ ಪೂರ್ಣಗೋಳದ ಚಿತ್ರದಲ್ಲಿ ಉತ್ತರಾರ್ಧದ ದೂಳಿನ ಬಿರುಗಾಳಿ ಕಂಡಿತು. ಬೆಂಗಳೂರಿನ ಪೀಣ್ಯದಲ್ಲಿ ನಿಯಂತ್ರಣ ಕೇಂದ್ರ, ಬ್ಯಾಲಾಳಿನಲ್ಲಿ ದೊಡ್ಡ ಆಂಟೆನಾ. ನಾನು ಆ ಚಿತ್ರ ನೋಡಿ ಹೆಮ್ಮೆಪಟ್ಟೆ, ಈಗಲೂ ಪಡುತ್ತೇನೆ. ಕೋಟಿ ಕೋಟಿ ಕಿ.ಮೀ. ಆಚೆಯ ದೂಳು ನೋಡಲು ದುಡ್ಡು ಯಾಕೆ ಖರ್ಚು ಮಾಡುತ್ತೀರಿ ಎಂದು ಕೇಳುವವರ ಜೊತೆ ನಾನಿಲ್ಲ. ಇದೇ ಗಣಿ ಊರಿನಲ್ಲಿ 1965ರಲ್ಲಿ, ಚಾಂಪಿಯನ್ ರೀಫ್ ಗಣಿಯ ಎರಡು ಕಿ.ಮೀ.ಗೂ ಹೆಚ್ಚಿನ ಆಳದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳ ಗುರುತು ಹಿಡಿದರು. ಚಿನ್ನಕ್ಕೆಂದು ತೋಡಿದ ಬಿಲದಲ್ಲಿ ಇಳಿದು ಆಕಾಶವನ್ನು ನೋಡಿದವರ ಊರು ಅದು. ದೂರ ನೋಡುವುದು ತಪ್ಪು ಎಂದು ಆ ಊರಿನವನು ಹೇಗೆ ಹೇಳಲಿ?

ನನ್ನನ್ನು ಕಾಡುವುದು ಬೇರೆ. ಮಂಗಳದ ದೂಳನ್ನು ನೋಡುವಷ್ಟು ಅಕ್ಕರೆಯಿಂದ ಮನೆಯ ಹಿತ್ತಲಿನ ದೂಳನ್ನು ನಾವು ನೋಡಲಿಲ್ಲ. ಅಲ್ಲಿನ ಮಂಜಿನ ಗಡ್ಡೆಯನ್ನು ಗಾಳಿ ಕೊರೆದ ಕಡೆ ನೂರಾರು ಪದರ ಕಾಣುತ್ತವೆ, ಮಂಜು ಹೆಚ್ಚಿರುವ ಪದರ, ದೂಳು ಹೆಚ್ಚಿರುವ ಪದರ. ಮಂಗಳದ ಅಕ್ಷದ ಓಲು ಲಕ್ಷಾಂತರ ವರ್ಷಗಳಲ್ಲಿ ಏರುಪೇರಾಗುತ್ತದೆ, ಆ ಏರುಪೇರಿನ ದಿನಚರಿಯೇ ಆ ಪದರಗಳು ಎಂದು ಓದುತ್ತಾರೆ. ಒಂದು ಮೀಟರಿನಷ್ಟು ಸಣ್ಣ ಗುರುತನ್ನೂ ಬಿಡದಂಥ ಕ್ಯಾಮೆರಾ 2006ರಿಂದ ಅಲ್ಲಿ ಸುತ್ತುತ್ತಿದೆ. ನಂದಿದುರ್ಗದ ದಿಬ್ಬದ ಸೀಳಿನೊಳಗೆ ಇಳಿದು ನೋಡಿದರೆ ಅಲ್ಲಿಯೂ ಪದರಗಳಿವೆ. ಬೂದು, ಹಳದಿ, ಮತ್ತೆ ಬೂದು. ಒಂದೊಂದು ಗೆರೆಯೂ ಯಾರೋ ಕುಟ್ಟಿದ ಕಲ್ಲು, ಯಾರದೋ ಪಾಳಿ. ಆಳದಲ್ಲಿ ಬಂಡೆ ಸಿಡಿದು, ಗಣಿಯವರ ಮಾತಿನಲ್ಲಿ ಏರ್‌ಬ್ಲಾಸ್ಟ್ ಆಗಿ, ನೆಲ ಅಲುಗಿದ ದಿನದ್ದೂ ಅದರಲ್ಲಿ ಇದ್ದೇ ಇದೆ. ನೆಲ ಗುಡುಗಿತೆಂದರೆ ಲೈನಿನ ಹೆಂಗಸರು ಒಲೆ ಬಿಟ್ಟು ಶಾಫ್ಟಿನ ಕಡೆ ಓಡುತ್ತಿದ್ದರು. ಆ ಗೆರೆಗಳನ್ನು ಓದಲು ಯಾರೂ ಕೂರಲಿಲ್ಲ.

2008ರ ಮೇ 25ರಂದು ಫೀನಿಕ್ಸ್ ಎಂಬ ನೌಕೆ ಮಂಗಳದ ಉತ್ತರದ ಬಯಲಲ್ಲಿ ಇಳಿಯಿತು. ಅದರ ಕೈ ಮಣ್ಣು ಕೆರೆದಾಗ ತಳದಲ್ಲಿ ಬೆಳ್ಳಗೆ ಏನೋ ಕಂಡಿತು, ಪಗಡೆ ದಾಳದಷ್ಟು ಸಣ್ಣ ತುಣುಕುಗಳು. ನಾಲ್ಕು ದಿನ ಬಿಟ್ಟು ಮತ್ತೆ ಚಿತ್ರ ತೆಗೆದರೆ ತುಣುಕುಗಳಿಲ್ಲ. ಉಪ್ಪಾಗಿದ್ದರೆ ಉಳಿಯುತ್ತಿತ್ತು. ಮಾಯವಾದ್ದರಿಂದ ಅದು ನೀರಿನ ಮಂಜೇ ಎಂದು ತಿಳಿಯಿತು. ಮೇಲೆ ನಾಲ್ಕು ಬೆರಳು ಮಣ್ಣು, ಕೆಳಗೆ ನೀರು ಹೆಪ್ಪುಗಟ್ಟಿ ಕೂತಿದೆ. ಇದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು, ಯಾಕೆಂದರೆ ನಮ್ಮ ಗಣಿ ಊರೂ ಈಗ ಹಾಗೆಯೇ. 2001ರಲ್ಲಿ ಗಣಿಗಳು ಮುಚ್ಚಿದವು. ಹಗಲೂ ರಾತ್ರಿ ನೀರೆತ್ತುತ್ತಿದ್ದ ಪಂಪುಗಳು ನಿಂತ ಮೇಲೆ ಸುರಂಗಗಳಲ್ಲಿ ನೀರು ಏರಿತು. 3 ಕಿ.ಮೀ.ಗೂ ಆಳಕ್ಕೆ ಇಳಿದ ದಾರಿಗಳು, ಮೈಸುಡುವ ಬಂಡೆಯ ಶಾಖದಲ್ಲಿ ಚಡ್ಡಿಯಲ್ಲೇ ದುಡಿದ ಜಾಗಗಳು, ಎಲ್ಲ ನೀರಿನ ಅಡಿಗೆ. ಮೇಲೆ ದೂಳು ಹಾರುತ್ತದೆ, ಕೆಳಗೆ ನೀರು ಕತ್ತಲಲ್ಲಿ ನಿಂತಿದೆ. ನಡುವೆ ಜನ.

ಆ ನಡುವಿನ ಜನವೇ ಎರಡು ನೆಲಗಳಿಗೂ ಇರುವ ಅಂತರ. ಮಂಗಳದಲ್ಲಿ ಹೊಸಿಲಿಲ್ಲ. ಅಲ್ಲಿನ ದೂಳು ಯಾರ ಅನ್ನಕ್ಕೂ ಬೀಳುವುದಿಲ್ಲ. ಇಡೀ ಗ್ರಹವನ್ನೇ ಮುಚ್ಚಿದರೂ ಯಾರಿಗೂ ಅನ್ಯಾಯವಾಗುವುದಿಲ್ಲ. ಗುಡಿಸುವವರು ಇರುವ ಕಡೆ ಮಾತ್ರ ದೂಳು ಕಸವಾಗುತ್ತದೆ, ಗುಡಿಸುವವರಿದ್ದರೆ ಹಾಕಿದವರೂ ಇರುತ್ತಾರೆ.

ನಾವು ಕಳಿಸಿದ ಯಂತ್ರಗಳಿಗೆ ಮಾತ್ರ ಅಲ್ಲಿನ ದೂಳು ಸಂಕಟ ಕೊಟ್ಟಿದೆ. 90 ದಿನದ ಕೆಲಸಕ್ಕೆಂದು 2004ರಲ್ಲಿ ಇಳಿದ ಆಪರ್ಚುನಿಟಿ 14 ವರ್ಷ ಓಡಾಡಿತು. ಅದರ ಸೌರಫಲಕದ ಮೇಲೆ ದೂಳು ಕೂರುತ್ತಿತ್ತು, ಆದರೆ ಆಗಾಗ ಒಂದು ಒಳ್ಳೆಯ ಗಾಳಿ ಬಂದು ಒರೆಸಿಕೊಟ್ಟು ಹೋಗುತ್ತಿತ್ತು. 2018ರ ಜೂನಿನಲ್ಲಿ ಇಡೀ ಗ್ರಹ ಸುತ್ತಿದ ದೂಳಿನ ಬಿರುಗಾಳಿಗೆ ಬಿಸಿಲು ಸಿಗದೆ ಅದು ಮಾತು ನಿಲ್ಲಿಸಿತು. ಆ ಸುದ್ದಿ ಓದಿ ಲೋಕದ ಎಷ್ಟೋ ಜನ ಕಣ್ಣೀರು ಹಾಕಿದರು. ನಾನೂ ಗದ್ಗದನಾದೆ. ಆದರೆ ಅದೇ ಹೊತ್ತಿಗೆ ದೊಡ್ಡಪ್ಪನ ಕೆಮ್ಮು ನೆನಪಾಯಿತು. ಬೆಣಚುಕಲ್ಲಿನ ನುಣ್ಣನೆಯ ದೂಳು ಶ್ವಾಸಕೋಶದ ತುದಿಯವರೆಗೆ ಹೋಗುತ್ತದೆ, ಕರಗುವುದಿಲ್ಲ. ಅದನ್ನು ಸುತ್ತುವರಿದು ನುಂಗಲು ಹೋದ ಜೀವಕೋಶಗಳೇ ಸಾಯುತ್ತವೆ. ಸತ್ತ ಕಡೆ ಗಾಯ, ಗಾಯದ ಕಡೆ ಗಂಟು. ಸಿಲಿಕೋಸಿಸ್ ಎನ್ನುವುದು ಇದಕ್ಕೇ. 1940ರ ದಶಕದಲ್ಲಿ ಇಲ್ಲಿನ ಗಣಿಗಳಲ್ಲಿ ತಪಾಸಣೆ ಮಾಡಿದಾಗ ನೂರಕ್ಕೆ 40ಕ್ಕೂ ಹೆಚ್ಚು ಕಾರ್ಮಿಕರಲ್ಲಿ ಈ ರೋಗ ಕಂಡಿತ್ತು. ಸೌರಫಲಕ ಒರೆಸಲು ಬಂದಂಥ ಒಳ್ಳೆಯ ಗಾಳಿ ಶ್ವಾಸಕೋಶದೊಳಗೆ ಬೀಸುವುದಿಲ್ಲ. ದೊಡ್ಡಪ್ಪ ಕಟ್ಟೆಯ ಮೇಲೆ ಕೂತು ಒಂದು ಬೀಡಿಯನ್ನೂ ಸೇದದೆ ಇಡೀ ಸಂಜೆ ಕೆಮ್ಮುತ್ತಿದ್ದರು. ಹದಿನಾರು ಹೆಜ್ಜೆ ದೂರದ ನಲ್ಲಿಗೆ ನಡುವೆ ಒಮ್ಮೆ ನಿಂತು ಹೋಗುತ್ತಿದ್ದರು. ಹೆಜ್ಜೆ ನಾನು ಎಣಿಸಿದ್ದು, ಮಕ್ಕಳಾಟಕ್ಕೆ.

ಮರಳಿನ ಹಿಂದೆ ಒಬ್ಬ ಮನುಷ್ಯನನ್ನು ಹುಡುಕುವುದು ನಮ್ಮ ನಾಡಿಗೆ ಹೊಸದಲ್ಲ. ತಲಕಾಡಿನ ಗುಡಿಗಳನ್ನು ಮರಳು ಮುಚ್ಚಿದ್ದಕ್ಕೆ ಜನ ಅಲಮೇಲಮ್ಮನ ಶಾಪವನ್ನು ಹೇಳಿದರು. ಭೂವಿಜ್ಞಾನಿಗಳು ಕಾವೇರಿಗೆ ಕಟ್ಟಿದ ಮಾಧವಮಂತ್ರಿ ಅಣೆಕಟ್ಟನ್ನು ತೋರಿಸುತ್ತಾರೆ, ನೀರು ಕಡಿಮೆಯಾಗಿ ಬತ್ತಿದ ಪಾತ್ರದ ಮರಳನ್ನು ಗಾಳಿ ಊರಿಗೆ ಹೊತ್ತಿತು ಎನ್ನುತ್ತಾರೆ. ಶಾಪವಾಗಲಿ ಕಟ್ಟೆಯಾಗಲಿ, ಎರಡೂ ಕಥೆಯಲ್ಲಿ ಮರಳಿಗೆ ಒಬ್ಬ ಹೊಣೆಗಾರ ಇದ್ದಾನೆ. ತಲಕಾಡಿನಿಂದ ಬಹುದೂರವಿಲ್ಲದ ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ಹುಟ್ಟಿತು. 140 ಕಿ.ಮೀ.ಗೂ ಹೆಚ್ಚು ತಂತಿ ಎಳೆದು ಅದನ್ನು ನೇರ ಈ ಗಣಿಗಳಿಗೆ ತಂದರು. ಕಾವೇರಿಯ ಅದೇ ನೀರಿನ ಬಲದಿಂದ ಇಲ್ಲಿ ಕಲ್ಲು ಹಿಟ್ಟಾಯಿತು. ಈ ದಿಬ್ಬಗಳಿಗೆ ಮಾತ್ರ ಯಾವ ಕಥೆಯೂ ಹುಟ್ಟಲಿಲ್ಲ. ಚಿನ್ನಕ್ಕೆ ಒಡೆಯರ ಸಾಲೇ ಇತ್ತು, ಇಂಗ್ಲೆಂಡಿನ ಕಂಪನಿಗಳು, 1956ರಲ್ಲಿ ಮೈಸೂರು ಸರ್ಕಾರ, 1962ರಲ್ಲಿ ಕೇಂದ್ರ ಸರ್ಕಾರ, 1972ರಿಂದ ಭಾರತ್ ಗೋಲ್ಡ್ ಮೈನ್ಸ್. ದೂಳಿಗೆ ಒಡತಿಯರು ಮಾತ್ರ. ಲೈನಿನ ಪ್ರತಿ ಮನೆಯಲ್ಲೂ ಒಬ್ಬಳು, ಕೈಯಲ್ಲಿ ಕಸಬರಿಗೆ.

2024ರ ಜೂನಿನಲ್ಲಿ ರಾಜ್ಯ ಸಚಿವ ಸಂಪುಟ ಈ 13 ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ಟನ್ನಿಗೆ ಒಂದು ಗ್ರಾಮಿಗಿಂತ ಕಡಿಮೆ ಚಿನ್ನ ಈ ಹಿಟ್ಟಿನಲ್ಲಿ ಉಳಿದಿದೆ, ಈಗಿನ ಬೆಲೆಗೆ ಅದೂ ಗಿಟ್ಟುತ್ತದೆ. ಆಗಲಿ, ನಾಲ್ಕು ಜನರಿಗೆ ಕೆಲಸ ಸಿಗಲಿ. ಬೆಳಗಿನ ಜಾವ ಕತ್ತಲಲ್ಲೇ ಎದ್ದು ಬೆಂಗಳೂರಿನ ರೈಲು ಹಿಡಿಯುವ ಗಣಿಯೂರಿನ ಮಕ್ಕಳನ್ನು ಕಂಡವರು ಇದಕ್ಕೆ ಬೇಡ ಅನ್ನಲಾರರು. ನನ್ನ ಮನಸ್ಸು ಕೇಳುವುದಿಷ್ಟೇ. ಚಿನ್ನ ಬಸಿದ ಮೇಲೆ ಉಳಿಯುವ ಹಿಟ್ಟು ಹಿಡಿಯಷ್ಟೂ ಕಡಿಮೆಯಾಗುವುದಿಲ್ಲ. ಅದನ್ನು ಎಲ್ಲಿ ಹಾಕುತ್ತಾರೆ, ಯಾರ ಹಿತ್ತಲಿಗೆ, ಯಾವ ಗಾಳಿಯ ದಿಕ್ಕಿಗೆ? ಅದರ ಮೇಲೆ ಹುಲ್ಲು ಹಿಡಿಸುವವರು, ಮರ ಬೆಳೆಸುವವರು ಯಾರು? ಗ್ರಾಮಿನ ಲೆಕ್ಕ ಬರೆಯುವ ಪುಸ್ತಕದಲ್ಲೇ ಈ ಲೆಕ್ಕವೂ ಇರಬೇಕು. ಬೇರೆ ಪುಸ್ತಕಕ್ಕೆ ಹಾಕಿದರೆ ಆ ಪುಸ್ತಕ ಕಳೆದುಹೋಗುತ್ತದೆ, ಒಮ್ಮೆ ಕಳೆದುಹೋಗಿದೆ.

ಈ ಆಷಾಢದಲ್ಲಿ ಹೋಗಿ ಬಂದೆ. ದೊಡ್ಡಮ್ಮನ ಮನೆಯಲ್ಲಿ ಈಗ ಬೇರೆಯವರಿದ್ದಾರೆ. ದಿಬ್ಬ ಹತ್ತುವಾಗ ಕಾಲು ಹೂತು ಹೂತು ಬರುತ್ತಿತ್ತು. ನೆತ್ತಿಯ ಮೇಲೆ ಗಾಳಿ ಸಣ್ಣ ಸಣ್ಣ ಅಲೆಗಳನ್ನು ಬರೆದಿತ್ತು, ಬೆರಳಗಲ ಬೆರಳಗಲಕ್ಕೆ ಒಂದು. ಮೊಣಕಾಲೂರಿ ಕೂತು ನೋಡಿದೆ. ಅಲೆಯ ಒಂದು ಬದಿ ಇಳಿಜಾರು, ಇನ್ನೊಂದು ಬದಿ ಕಡಿದು. ಗಾಳಿ ಬೀಸಿದ ಹಾಗೆ ಇಳಿಜಾರಿನ ಕಡೆ ಒಂದೊಂದೇ ಹರಳು ಹತ್ತಿ, ತುದಿಗೆ ಬಂದು, ಆಚೆ ಬೀಳುತ್ತಿತ್ತು. ಬಿಸಿಲಿಗೆ ಒಂದೆರಡು ಮಿಣುಕಿದವು. ಚಿನ್ನವಲ್ಲ, ಬೆಣಚು. ದೊಡ್ಡಮ್ಮ ಬೆಳಗ್ಗೆ ಬಾಗಿಲಿಗೆ ನೀರು ಹಾಕಿ ಎಳೆಯುತ್ತಿದ್ದ ರಂಗೋಲಿಯ ಪುಡಿಯೂ ಬೆಣಚುಕಲ್ಲಿನದೇ, ಸಂತೆಯಲ್ಲಿ ಕಾಸು ಕೊಟ್ಟು ತಂದದ್ದು. ಹಿತ್ತಲ ತುಂಬ ಬಿದ್ದಿದ್ದನ್ನು ಅವಳು ಒಂದು ದಿನವೂ ರಂಗೋಲಿಗೆ ಮುಟ್ಟಲಿಲ್ಲ.

ಕೆಳಗೆ ಲೈನಿನಲ್ಲಿ ಒಬ್ಬ ಹುಡುಗಿ ಪ್ಲಾಸ್ಟಿಕ್ ಕೊಡಗಳ ಬಾಯಿಗೆ ಬಟ್ಟೆ ಕಟ್ಟುತ್ತಿದ್ದಳು. "ಏನಮ್ಮಾ, ಇನ್ನೂ ಬರ್ತದಾ?" ಅಂದೆ. "ಬರ್ತದೆ ಅಂಕಲ್, ಗಾಳಿ ಐತಲ್ಲ" ಅಂದಳು.

ಸಂಜೆ ಮಾರಿಕುಪ್ಪಂ ಕಡೆಯಿಂದ ಬಂದ ರೈಲಿನಲ್ಲಿ ಬೆಂಗಳೂರಿಗೆ ಹಿಂತಿರುಗಿದೆ. ಮನೆಯ ಬಾಗಿಲಲ್ಲಿ ಷೂ ಬಿಚ್ಚಿ ಬೋರಲು ಹಾಕಿದಾಗ ಒಂದು ಹಿಡಿಯಷ್ಟು ಬಿಳಿ ಹಿಟ್ಟು ಮೊಸಾಯಿಕ್ ನೆಲದ ಮೇಲೆ ಸುರಿಯಿತು. ಹೆಂಡತಿ ಅಡುಗೆಮನೆಯಿಂದ ಕಸಬರಿಗೆ ಹಿಡಿದು ಬಂದಳು. ನಮ್ಮ ಮದುವೆಯಾಗಿ 31 ವರ್ಷ. ಅದನ್ನು ಅವಳ ಕೈಯಿಂದ ತೆಗೆದುಕೊಂಡು ಬಗ್ಗಿದೆ. ಹಿಟ್ಟು ನುಣ್ಣಗಿದ್ದುದರಿಂದ ಕಡ್ಡಿಗಳ ನಡುವೆ ನುಸುಳಿ ಹಿಂದೆಯೇ ಉಳಿಯುತ್ತಿತ್ತು. ಮತ್ತೆ ಗುಡಿಸಿದೆ, ಮತ್ತೆ ಉಳಿಯಿತು. ಕೊನೆಗೆ ಒದ್ದೆ ಬಟ್ಟೆ ತಂದು ಒರೆಸಿದೆ.